ಏಪ್ರಿಲ್ ಇಪ್ಪತ್ತಮೂರರ ಕುರಿಮರಿ

ಗುರುವಾರ, 12 ಫೆಬ್ರವರಿ 2026. ಬೆಳಗ್ಗೆ 9

ಎರಡನೇ ಕಾಫಿ. ಮೆಟ್ಟಿಲ ಮೇಲೆ ಬಕೆಟ್ಟಿನ ಸದ್ದು. ಮೆಟ್ಟಿಲು ತೊಳೆಯುವ ದ್ರಿತಾ ಬಂದಿದ್ದಾಳೆ. ಇವತ್ತು ಗುರುವಾರ ಅಂತ ನೆನಪಾದದ್ದೇ ಅದರಿಂದ.

ವ್ರೆಟ್ಟೋಸರ ಹೊಸ ಕಾದಂಬರಿಯ ಕರಡು ನಿನ್ನೆ ಬಂತು. ಇನ್ನೂರ ಎಂಬತ್ತೆಂಟು ಪುಟ. ಮಾರ್ಚ್ 16ರೊಳಗೆ ತಿದ್ದಿ ಕಳಿಸಬೇಕು. ಅವರ ಒಂಬತ್ತನೇ ಪತ್ತೇದಾರಿ. ನನ್ನ ಕೈಗೆ ಬಂದದ್ದರಲ್ಲಿ ಆರನೆಯದು. ಮನುಷ್ಯನಿಗೆ ಎಪ್ಪತ್ತೊಂಬತ್ತು ವಯಸ್ಸು, ಎರಡು ಕಣ್ಣಿಗೂ ಪೊರೆ ಆಪರೇಷನ್. ನಲವತ್ತು ವರ್ಷ ಪತ್ರಿಕೆಗೆ ಕೋರ್ಟ್ ವರದಿ ಬರೆದರು, ರಿಟೈರ್ ಆದ ಮೇಲೆ ಕೊಲೆ ಮಾಡಲು ಶುರು ಮಾಡಿದರು. ಅವರದೇ ಮಾತು ಇದು, ನನ್ನದಲ್ಲ.

ಮೊದಲ ಪುಟದಲ್ಲೇ ಪೊಲೀಸರಿಗಿಂತ ಮುಂಚೆ ಪಕ್ಕದ ಮನೆಯವರು ಬಂದು ಹೆಣ ನೋಡಿ, ಬಾಗಿಲು ಮುಂದೆ ಮಾಡಿ, ಮನೆಗೆ ಹೋಗಿ ಟಿವಿ ಹಾಕುತ್ತಾರೆ. ಆಹಾ! ಒಂದು ಪ್ಯಾರಾದಲ್ಲಿ ನಮ್ಮ ಇಡೀ ಬೀದಿ.

9.40 — ಬಾಗಿಲು ತೆರೆದು ದ್ರಿತಾಳಿಗೆ ಕಾಫಿ ಕೊಟ್ಟೆ. ನಿಂತೇ ಕುಡಿದಳು. ಮಗಳು ಹೇಗಿದ್ದಾಳೆ ಅಂದೆ.

"ಸ್ಕೂಲಿಗೆ ಹೋಗಲ್ಲ ಅಂತಾಳೆ, ಮೆರೋಪಿಯಮ್ಮ. ಯಾರೋ ಅವಳ ಡೆಸ್ಕಿನ ಮೇಲೆ ತಾಮ್ರದ ತಂತಿ ಸುತ್ತಿ ಇಟ್ಟಿದ್ರಂತೆ."

 ಅವಳ ಗಂಡ ಅಗ್ರೊನ್, ಗಾರೆ ಕೆಲಸದವನು, ಎರಡು ವರ್ಷದ ಹಿಂದೆ ಬಂದರಿನ ಹತ್ತಿರದ ಹೊಸ ಕಟ್ಟಡದಿಂದ ಬಿದ್ದು ಸತ್ತ. ರಜೆಯ ದಿನ ಬೇಲಿ ಹಾರಿ ತಂತಿ ಕದಿಯಲು ಹೋಗಿದ್ದ ಅಂತ ಫೈಲಿನಲ್ಲಿದೆ. ಆ ಸೈಟಿನ ಮೇಸ್ತ್ರಿ ಸರಾಂಡಿಸ್ — ನನ್ನ ತಮ್ಮ. ಕೆಳಗಿನ ಮಹಡಿಯಲ್ಲೇ ಇದ್ದಾನೆ.

"ಅವಳಪ್ಪ ಕಳ್ಳ ಅಲ್ಲ ಅಂತ ಒಂದು ಕಾಗದ ಸಿಕ್ಕಿದ್ರೆ ಸಾಕಿತ್ತು ನಂಗೆ," ಅಂದಳು. "ಜೂನಲ್ಲಿ ಫೈಲು ಮುಚ್ತಾರಂತೆ. ಹೊಸದೇನೂ ಸಿಕ್ಕಿಲ್ಲವಂತೆ."

ಲೋಟ ತೊಳೆದೇ ಕೊಟ್ಟಳು. ಬೇಡ ಅಂದರೂ ಕೇಳುವುದಿಲ್ಲ. ಎಲ್ಲ ಮೆಟ್ಟಿಲೂ ತೊಳೆಯುತ್ತಾಳೆ, ಸರಾಂಡಿಸನ ಬಾಗಿಲ ಮುಂದಿನ ಚೌಕ ಒಂದನ್ನು ಬಿಟ್ಟು. ಎರಡು ವರ್ಷದಿಂದ ಅಲ್ಲಿ ಒದ್ದೆಬಟ್ಟೆ ಆಡಿಲ್ಲ. ಅವನೂ ಕೇಳಿಲ್ಲ. ಮೇಸ್ತ್ರಿ ಅಂದಮೇಲೆ ಸೇಡು ಇರುತ್ತದೆ, ಹೆಂಗಸಿನ ದುಃಖ, ಇರಲಿ ಅಂತ ನಾನೂ ಸುಮ್ಮನಿದ್ದೆ.

ಮಂಗಳವಾರ, 17 ಫೆಬ್ರವರಿ. ಮಧ್ಯಾಹ್ನ 4

ಪುಟ 96. ಕಣ್ಣು ಉರಿಯುತ್ತಿದೆ, ಬಿಡಲು ಮನಸ್ಸಿಲ್ಲ.

ಕಥೆ ವೊಲೋಸ್ ಪಟ್ಟಣದಲ್ಲಿ. ಜಾರ್ಜಿಯಾದಿಂದ ಬಂದ ಎಲೆಕ್ಟ್ರಿಷಿಯನ್ ಒಬ್ಬ ಕಟ್ಟಡದಿಂದ ಬಿದ್ದಿದ್ದಾನೆ. ಪತ್ತೆ ಮಾಡುವವಳು ಕ್ಲಿಯೋ, ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್. ಮಂಡಿನೋವು. ಪ್ರತಿ ಕಾದಂಬರಿಯಲ್ಲೂ ಬಸ್ಸು ತಪ್ಪಿಸಿಕೊಳ್ಳುತ್ತಾಳೆ. ತಪ್ಪಿಸಿಕೊಂಡಾಗಲೆಲ್ಲ ಸ್ಟಾಪಿನಲ್ಲಿ ಯಾರೋ ಒಬ್ಬರು ಬಾಯಿಬಿಡುತ್ತಾರೆ. ಒಂದೇ ಕೋಣೆ ಬೆಚ್ಚಗಿಟ್ಟುಕೊಂಡು ಬದುಕುವ ಒಬ್ಬ ವಿಧವೆ. ಮಗ ಸ್ಟುಟ್‌ಗಾರ್ಟಿನಲ್ಲಿ, ಅವನ ಕೋಣೆ ಪ್ರವಾಸಿಗರಿಗೆ. ಪ್ರವಾಸಿಗರ ಬಾಡಿಗೆಗೆಂದು ಗೇಟಿಗೆ ನಾಲ್ಕು ಕೀಲಿಪೆಟ್ಟಿಗೆ ನೇತುಹಾಕಿದ ಮಾಲೀಕ. ಪಿಂಚಣಿ ಕತ್ತರಿಸಿದ ಮೇಲೆ ಪಾದ್ರಿಯ ಜೊತೆ ಮಾತು ಬಿಟ್ಟ ಮುದುಕ. ಎಲ್ಲರನ್ನೂ ನಾನು ಬಲ್ಲೆ. ಬೆಳಗ್ಗೆ ಬ್ರೆಡ್ಡಿನ ಸಾಲಿನಲ್ಲಿ ನನ್ನ ಹಿಂದೆಯೇ ನಿಂತಿರುತ್ತಾರೆ.

ಈ ದೇಶದ ಬಗ್ಗೆ ಪ್ರೊಫೆಸರುಗಳು ಬರೆದದ್ದನ್ನೂ ತಿದ್ದಿದ್ದೇನೆ. ಅಂಕಿಅಂಶ, ಕೋಷ್ಟಕ, ಆಕಳಿಕೆ. ವ್ರೆಟ್ಟೋಸ್ ಒಂದು ಹೆಣ ಮಲಗಿಸುತ್ತಾರೆ, ಅಷ್ಟೇ. ಊರೆಲ್ಲ ತಾನಾಗಿ ಬಂದು ಸುತ್ತ ನಿಲ್ಲುತ್ತದೆ.

ಇನ್ನೊಂದು. ಕೊಂದವರು ಯಾರು ಅಂತ ಎಂಬತ್ತನೇ ಪುಟಕ್ಕೇ ಹೇಳಿಬಿಡುತ್ತಾರೆ. ಉಳಿದ ಇನ್ನೂರು ಪುಟ — ಗೊತ್ತಿದ್ದವರೆಲ್ಲ ಯಾಕೆ ಬಾಯಿ ಮುಚ್ಚಿಕೊಂಡಿದ್ದರು ಅಂತ. ಕ್ಲಿಯೋ ಕೇಳುವ ಪ್ರಶ್ನೆ ಒಂದೇ: "ಸಹಿ ಹಾಕಿದವರು ಯಾರ್ಯಾರು?" ಇಂಥ ಪುಸ್ತಕದ ಅಲ್ಪವಿರಾಮ ತಿದ್ದುವುದೂ ಒಂದು ಪುಣ್ಯ.

ಸೋಮವಾರ, 23 ಫೆಬ್ರವರಿ. ಶುದ್ಧ ಸೋಮವಾರ. ಮಧ್ಯಾಹ್ನ 3

ದೊಡ್ಡ ಉಪವಾಸ ಶುರು. ಬೀದಿಯ ತುಂಬ ಗಾಳಿಪಟ, ಎರಡು ಆಗಲೇ ವಿದ್ಯುತ್ ತಂತಿಗೆ. ಸರಾಂಡಿಸ್ ಊಟಕ್ಕೆ ಬಂದಿದ್ದ. ಚಪ್ಪಟೆ ಎಳ್ಳಿನ ಬ್ರೆಡ್ಡು, ಉಪವಾಸಕ್ಕೂ ನಡೆಯುವ ಮೀನುಮೊಟ್ಟೆಯ ಚಟ್ನಿ, ಆಲಿವ್, ಹಲ್ವ. ಅರ್ಧ ಬ್ರೆಡ್ಡು ಅವನೊಬ್ಬನೇ ಮುಗಿಸಿದ.

"ಈಸ್ಟರ್ ತನಕ ಇನ್ನು ಮಾಂಸದ ಮುಖ ನೋಡೋ ಹಾಗಿಲ್ಲ," ಅಂದ.

"ಯಾರು ಹಿಡ್ಕೊಂಡಿದ್ದಾರೆ ನಿನ್ನ? ನಿಂಗೆ ಅರವತ್ತು ವರ್ಷ ಆಯ್ತು, ತಿನ್ನು."

"ಅಮ್ಮಂಗೆ ಮಾತು ಕೊಟ್ಟಿದೀನಲ್ಲ ಅಕ್ಕಾ." ಅಮ್ಮ ಹೋಗಿ ಹನ್ನೊಂದು ವರ್ಷ. ಒಂದು ಉಪವಾಸವೂ ತಪ್ಪಿಸಿಲ್ಲ, ಕೋಳಿಮೊಟ್ಟೆ ಕೂಡ ಮುಟ್ಟುವುದಿಲ್ಲ. ಒರಟ, ಬಾಯಿ ಜೋರು, ಆದರೆ ಕೊಟ್ಟ ಮಾತಿಗೆ ನಿಲ್ಲುತ್ತಾನೆ.

ಅವನು ಹೋದ ಮೇಲೆ ತಟ್ಟೆ ತೊಳೆಯುತ್ತಿದ್ದಾಗ ತಲೆಗೆ ಹೊಳೆಯಿತು. ಕೈ ಒರೆಸಿಕೊಂಡು ಓಡಿದೆ. ಪುಟ 131. ಕಾದಂಬರಿಯ ಮೇಸ್ತ್ರಿಯ ಹೇಳಿಕೆ: "2024ರ ಏಪ್ರಿಲ್ 23, ಸಂತ ಯೋರ್ಗೋಸರ ಹಬ್ಬ. ನಮ್ಮ ಧಣಿಯ ಹೆಸರಿನ ದಿನ. ಸೈಟಿಗೆ ರಜೆ ಕೊಟ್ಟು, ಎಲ್ಲರಿಗೂ ಹೋಟೆಲಿನಲ್ಲಿ ಸುಟ್ಟ ಕುರಿಮರಿ ತಿನ್ನಿಸಿದರು."

ಹಳೆಯ ಕ್ಯಾಲೆಂಡರ್ ತೆಗೆದೆ. ಇದೆ! 2024ರಲ್ಲಿ ಈಸ್ಟರ್ ಬಂದದ್ದು ಮೇ 5ಕ್ಕೆ. ಏಪ್ರಿಲ್ 23 ಉಪವಾಸದ ನಡುವೆ ಬಿತ್ತು. ಹಾಗೆ ಬಿದ್ದ ವರ್ಷ ಯೋರ್ಗೋಸರ ಹಬ್ಬವನ್ನು ಈಸ್ಟರಿನ ಮರುದಿನಕ್ಕೆ ತಳ್ಳುತ್ತಾರೆ. ಮೇ 6. ಇಡೀ ದೇಶದಲ್ಲಿ ಯೋರ್ಗೋಸ್ ಅಂತ ಹೆಸರಿರುವವರೆಲ್ಲ ಅವತ್ತು ಹರಸಲು ಬರುವವರಿಗೆ ಬಾಗಿಲು ತೆರೆದಿಟ್ಟು ಕೂತಿದ್ದರು. ಮರುವರ್ಷ ಮಾಮೂಲಿನಂತೆ ಏಪ್ರಿಲ್ 23ಕ್ಕೇ ಬಂತು, ಅದಕ್ಕೇ ಎಲ್ಲರ ತಲೆಯಲ್ಲೂ ಅದೇ ಕೂತಿದೆ.

ವ್ರೆಟ್ಟೋಸ್ ಸಿಕ್ಕಿಬಿದ್ದರು. ಆರು ಪುಸ್ತಕದಲ್ಲಿ ಮೊದಲ ಸಲ. ನಾಳೆ ಫೋನು ಮಾಡಿ ಕಾಲೆಳೆಯಬೇಕು.

ಮಂಗಳವಾರ, 24 ಫೆಬ್ರವರಿ. ಬೆಳಗ್ಗೆ 11.30

ಮಾಡಿದೆ.

"ಮೇಷ್ಟ್ರೇ, ಸಿಕ್ಕಿಬಿದ್ರಿ!"

"ಯಾರನ್ನ ಕೊಂದೆನಮ್ಮಾ ನಾನು?"

"ಪುಟ ನೂರಾ ಮೂವತ್ತೊಂದು. ನಿಮ್ಮ ಮೇಸ್ತ್ರಿ ದೊಡ್ಡ ಉಪವಾಸದ ಮಂಗಳವಾರ ಕುರಿಮರಿ ತಿಂದು ಕೈ ತೊಳ್ಕೊಂಡಿದ್ದಾನೆ. ಆ ವರ್ಷ ಹಬ್ಬ ಮೇ ಆರಕ್ಕೆ ಹೋಗಿತ್ತು."

ನಕ್ಕರು. ಕೆಮ್ಮು ಬರುವ ತನಕ ನಕ್ಕರು. "ಭೇಷ್! ಆದ್ರೆ ತಪ್ಪು ನನ್ನದಲ್ಲ ಮಗಳೇ. ಆ ಸಾಲು ನಾನು ಬರ್ದೇ ಇಲ್ಲ. ಫೈಲಿಂದ ಎತ್ತಿದ್ದು, ಅಲ್ಪವಿರಾಮದ ಸಮೇತ. ಊರು ಮಾತ್ರ ಬದಲಾಯಿಸಿದೀನಿ. ನಿಮ್ಮ ಊರು ಕೆರಾಟ್ಸಿನಿದೇ ಕೇಸು. ಆಲ್ಬೇನಿಯಾದವನು, ಗಾರೆ ಕೆಲಸದವನು… ಅವನ ಮನೆಯವರ ವಕೀಲ ನನಗೆ ಹಳಬ."

"ಹೇಳಿಕೆ ಯಾರದು?"

"ಮೇಸ್ತ್ರಿದು. ಇನ್ನೂ ಮೂವರು ಸಹಿ ಹಾಕಿದಾರೆ. ಒಂಬತ್ತು ತಿಂಗಳಾದ ಮೇಲೆ ತಗೊಂಡ ಹೇಳಿಕೆ, ಯಾರಿಗೆ ನೆನಪಿರುತ್ತೆ. ನಿಂಗೆ ಯಾವ ಹಬ್ಬ ಬೇಕೋ ಹಾಕ್ಕೊಳ್ಳಮ್ಮ. ಇರು, ಮಗಳು ಕಣ್ಣಿಗೆ ಔಷಧಿ ಬಿಡೋಕೆ ಬಂದ್ಲು."

ಫೋನಿಟ್ಟರು. ಅವರಿಗೆ ಇದು ಪುಸ್ತಕದ ತಪ್ಪು. ನಾನು ರಿಸೀವರ್ ಹಿಡಿದುಕೊಂಡೇ ಕೂತಿದ್ದೇನೆ.

ಮರೆತಿರಬಹುದು. ಸರಾಂಡಿಸ್ ದಿನ ಮರೆತಿರಬಹುದು. ಆದರೆ ಕುರಿಮರಿ?

ಅದೇ ದಿನ. ಮಧ್ಯಾಹ್ನ 2

ಕಪಾಟಿನಲ್ಲಿ ನೀಲಿ ನೋಟ್‌ಬುಕ್ಕುಗಳು. ವರ್ಷಕ್ಕೆ ಒಂದು. ಯಾರಾದರೂ ಓದಲಿ ಅಂತ ಬರೆದದ್ದಲ್ಲ. ನಾನೂ ಓದುವುದಿಲ್ಲ. 2024ರದ್ದು ತೆಗೆದೆ. ಅಲ್ಲಿರುವುದನ್ನು ಹಾಗೇ ಇಳಿಸುತ್ತೇನೆ:

"ಮಂಗಳವಾರ, 23 ಏಪ್ರಿಲ್. ಸರಾಂಡಿಸ್ ಆರೂವರೆಗೆ ಕೆಲಸಕ್ಕೆ ಹೊರಟ. ಪಾಲಕ್ ಕಡುಬು ಕಟ್ಟಿಕೊಟ್ಟೆ, ಚೀಸ್ ಹಾಕದೆ. ಹತ್ತೂವರೆಗೇ ವಾಪಸ್. ಬೂಟಿನ ತುಂಬ ಸುಣ್ಣ, ಮೆಟ್ಟಿಲೆಲ್ಲ ಬಿಳಿ. ಕಡುಬು ಬಿಚ್ಚಿಯೇ ಇಲ್ಲ. ಒಂದು ಗಂಟೆ ಷವರ್ ಕೆಳಗೆ. ಜ್ವರ ಇರಬೇಕು."

"ಬುಧವಾರ, 24. ದ್ರಿತಾಳ ಗಂಡ! ನಿನ್ನೆ ಸಂಜೆ ವಾಚ್‌ಮನ್ ನೋಡಿದನಂತೆ. ಅಯ್ಯೋ ಆ ಮಗು."

"ಸೋಮವಾರ, 6 ಮೇ. ಯೋರ್ಗೋಸರ ಹಬ್ಬ. ಸರಾಂಡಿಸ್ ಸಿಹಿ ಪೆಟ್ಟಿಗೆ ಹಿಡಿದು ಧಣಿ ಯೋರ್ಗೋಸ್ ದೆಸೀಪ್ರಿಸ್ ಮನೆಗೆ."

ಮೂರು ಪುಟಗಳ ಒಳಗೇ ಇದೆ. ನನ್ನ ಕೈಬರಹ. ಮೂವತ್ತೊಂದು ವರ್ಷ ಬೇರೆಯವರ ತಪ್ಪು ಹಿಡಿದು ಹೊಟ್ಟೆ ಹೊರೆದವಳು ನಾನು. ರಜೆಯ ದಿನ ಕಳ್ಳ ನುಗ್ಗಿದ ಅಂತ ತಮ್ಮ ಹೇಳಿದಾಗ ತಲೆಯಾಡಿಸಿದೆ. ಅವತ್ತು ಮೆಟ್ಟಿಲ ಮೇಲಿದ್ದ ಸುಣ್ಣ ತೊಳೆದವಳು ಯಾರು? ದ್ರಿತಾ ಇರಬೇಕು. ಇಲ್ಲ, ಆ ಗುರುವಾರ ಅವಳು ಬಂದಿರಲಿಲ್ಲ, ಹೆಣದ ಹತ್ತಿರ ಇದ್ದಳು. ನಾನೇ ತೊಳೆದೆ. ನಾನೇ.

ಸೋಮವಾರ, 2 ಮಾರ್ಚ್. ಸಂಜೆ 6

ಆರು ದಿನ ಬರೆಯಲಾಗಲಿಲ್ಲ. ಇವತ್ತು ಸರಾಂಡಿಸನನ್ನು ಕಾಫಿಗೆ ಕರೆದೆ. ಸಕ್ಕರೆ ಹಾಕಿ ಕೊಟ್ಟೆ.

"2024ರ ಏಪ್ರಿಲ್ ಇಪ್ಪತ್ಮೂರಕ್ಕೆ ಎಲ್ಲಿದ್ದೆ ನೀನು?"

"ಇನ್ನೆಲ್ಲಿ. ಹೋಟೆಲಲ್ಲಿ. ಯೋರ್ಗೋಸನ ಹಬ್ಬ."

"ಏನು ತಿಂದೆ?"

"ಕುರಿಮರಿ." ಹೇಳಿದ ತಕ್ಷಣ ಲೋಟ ಕೆಳಗಿಟ್ಟ.

"ದೊಡ್ಡ ಉಪವಾಸದಲ್ಲಿ? ನೀನು? ಅಮ್ಮಂಗೆ ಮಾತು ಕೊಟ್ಟೋನು?"

ಕಿರುಚಾಡಿದ. ನಿಂಗ್ಯಾಕೆ ಬೇಕು, ಪೊಲೀಸಿನವಳಾ ನೀನು, ಆ ಮುದುಕನ ಪುಸ್ತಕ ಓದಿ ತಲೆ ಕೆಟ್ಟಿದೆ. ನೋಟ್‌ಬುಕ್ ಮುಂದೆ ಇಟ್ಟೆ, ಪಕ್ಕದಲ್ಲಿ ಅವನ ಹೇಳಿಕೆ ಇದ್ದ ಕರಡಿನ ಪುಟ. ಬೆರಳಿಟ್ಟು ತೋರಿಸಿದೆ. ಓದಿದ. ಕಡುಬು ಅನ್ನುವಲ್ಲಿ ನಿಂತ. ಆಮೇಲೆ ಅಳತೊಡಗಿದ. ಅಮ್ಮ ಹೋದ ದಿನ ಬಿಟ್ಟರೆ ನಾನು ಅವನ ಅಳು ನೋಡಿಲ್ಲ.

"ಬೆಳಗ್ಗೆ ಫೋನು ಮಾಡಿ ಅಗ್ರೊನ್‌ನ ಕರ್ದಿದ್ದೂ ನಾನೇ ಅಕ್ಕಾ. ಸೊಂಟಕ್ಕೆ ಕಟ್ಟೋ ಸೇಫ್ಟಿ ಬೆಲ್ಟು ಕೇಳ್ದ. ಇರಲಿಲ್ಲ. ಐದು ನಿಮಿಷದ ಕೆಲಸ ಕಣೋ, ಮೇಲೆ ಹೋಗು ಅಂದೆ. ನಂಬ್ಕೊಂಡು ಹೋದ."

"ಬಿಟ್ಟು ಬಂದ್ಯಾ?"

"ಉಸಿರಿದ್ದಿದ್ರೆ ಬಿಡ್ತಿದ್ನಾ? ಇರಲಿಲ್ಲ. ದೇವರಾಣೆ ಇರಲಿಲ್ಲ. ಎಲ್ಲರೂ ಮನೆಗೆ ಹೋಗಿ ಅಂದ ಯೋರ್ಗೋಸ್. ತಂತಿನ ಸತ್ತೋನ ಚೀಲಕ್ಕೆ ಹಾಕಿದ್ದು ಅವನು. ಆಮೇಲೆ ಹೇಳಿಕೆ ಅಂದ, ಕಾಗದ ಟೈಪಾಗಿತ್ತು, ನಾಲ್ಕು ಜನ ಸಹಿ ಹಾಕಿದ್ವಿ. ನಂಗೆ ಪಿಂಚಣಿಗೆ ಇನ್ನು ಇಪ್ಪತ್ತು ತಿಂಗಳು ಅಕ್ಕಾ. ಇಪ್ಪತ್ತೇ."

ನಾನು ನೋಟ್‌ಬುಕ್ ಮುಚ್ಚಿದೆ.

"ಪುಸ್ತಕ ತಾನೇ," ಅಂದ ಮೂಗು ಒರೆಸಿಕೊಂಡು. "ಪೆನ್ನು ನಿನ್ ಕೈಲೇ ಇದೆ. ಬೇರೆ ಹಬ್ಬ ಬರ್ದುಬಿಡು. ಓದೋ ಒಬ್ಬನಿಗೂ ಗೊತ್ತಾಗಲ್ಲ."

ಅದೇ ಮಾತನ್ನು ವ್ರೆಟ್ಟೋಸೂ ಹೇಳಿದ್ದರು, ಏನೂ ತಿಳಿಯದೆ. ನೋಟ್‌ಬುಕ್ ಅವನ ಕೈಗೇ ಕೊಟ್ಟೆ. "ಇಟ್ಕೋ. ಸುಡೋದಾದ್ರೆ ಸುಡು. ನಾನಂತೂ ಆ ಸಾಲು ತಿದ್ದಲ್ಲ. ಈಸ್ಟರ್ ತನಕ ಟೈಮು. ನೀನು ಹೇಳಲಿಲ್ಲ ಅಂದ್ರೆ ದ್ರಿತಾಗೆ ನಾನು ಹೇಳ್ತೀನಿ."

ಬಾಗಿಲು ಬಡಿದುಕೊಂಡು ಹೋದ. ಕೈಲಿ ನೋಟ್‌ಬುಕ್ ಇತ್ತು.

ಸೋಮವಾರ, 16 ಮಾರ್ಚ್. ಮಧ್ಯಾಹ್ನ 12

ಕರಡು ಕಳಿಸಿದೆ. ಪುಟ 131ರ ಆ ಸಾಲಿನ ಕೆಳಗೆ ಚುಕ್ಕೆ ಇಟ್ಟೆ. ನಮ್ಮ ಕಸುಬಿನಲ್ಲಿ ಅದಕ್ಕೆ ಅರ್ಥ, ಇದ್ದ ಹಾಗೇ ಇರಲಿ. ಪಕ್ಕದಲ್ಲಿ ಬರೆದೆ: "ಇದು ಸುಳ್ಳು. ತಿದ್ದಬೇಡಿ."

ಗುರುವಾರ, 19 ಮಾರ್ಚ್. ಬೆಳಗ್ಗೆ 10

ವ್ರೆಟ್ಟೋಸ್ ಫೋನು. ಹಲೋ ಕೂಡ ಇಲ್ಲ.

"ನಲವತ್ತು ವರ್ಷ ಕೋರ್ಟಲ್ಲಿ ಕೂತೋನು ನಾನು. ಆ ಸಾಲನ್ನ ಫೈಲಿಂದ ಮೂರು ಸಲ ಇಳಿಸ್ಕೊಂಡೆ. ಚೆನ್ನಾಗಿದೆ ಅಂತ ಇಳಿಸ್ಕೊಂಡೆ! ಕತ್ತೆ ನಾನು. ನಿಂಗೆ ಯಾವಾಗ ಹೊಳೀತು?"

"ನಿಮ್ಮ ಪುಸ್ತಕ ಓದಿ ಓದಿ ಹೊಳೀತು ಮೇಷ್ಟ್ರೇ. ಸಹಿ ಹಾಕಿದವರು ಯಾರು ಅಂತ ಕೇಳೋದು ಕಲಿಸಿದ್ದು ಕ್ಲಿಯೋ." ಇನ್ನೊಂದನ್ನೂ ಹೇಳಿಬಿಟ್ಟೆ. "ಆ ಮೇಸ್ತ್ರಿ ನನ್ನ ತಮ್ಮ."

ಆಚೆ ಕುರ್ಚಿ ಎಳೆದ ಸದ್ದು.

"ನಂಗೆ ಗೊತ್ತಿರಲಿಲ್ಲ. ಫೈಲಲ್ಲಿರೋದು ಬೇರೆ ಮನೆತನದ ಹೆಸರು."

"ಪುಸ್ತಕಗಳಲ್ಲಿ ನಂದು ಗಂಡನ ಮನೆ ಹೆಸರು. ಒಂದು ಕೇಳ್ಲಾ? ನಿಮ್ಮ ಕಾದಂಬರಿಲಿ ಮೇಸ್ತ್ರಿಗೆ ಅಕ್ಕ ಯಾಕಿಲ್ಲ?"

"ಇದ್ದಿದ್ರೆ ಎಂಬತ್ತನೇ ಪುಟಕ್ಕೇ ಕಥೆ ಮುಗ್ದುಹೋಗ್ತಿತ್ತು ಮಗಳೇ."

ಅಷ್ಟು ದೊಡ್ಡ ಮಾತಿಗೆ ಯೋಗ್ಯಳಲ್ಲ ನಾನು. ಈಸ್ಟರ್ ತನಕ ವಕೀಲನಿಗೆ ಏನೂ ಹೇಳಬೇಡಿ ಅಂದೆ. ಒಪ್ಪಿದರು. ಒಪ್ಪಬಾರದಿತ್ತು, ಆದರೂ ಒಪ್ಪಿದರು. ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ಹೊರಗೆ ಬಕೆಟ್ಟಿನ ಸದ್ದು. ಇವತ್ತು ದ್ರಿತಾಳಿಗೆ ಬಾಗಿಲು ತೆರೆಯಲಿಲ್ಲ. ಕಾಫಿ ಮಾಡಲಿಲ್ಲ.

ಬುಧವಾರ, 25 ಮಾರ್ಚ್. ಮಧ್ಯಾಹ್ನ 2

ಉಪವಾಸದಲ್ಲೂ ಮೀನು ತಿನ್ನಬಹುದಾದ ದಿನ. ಕರಿದ ಮೀನು, ಬೆಳ್ಳುಳ್ಳಿ ಚಟ್ನಿ. ಸರಾಂಡಿಸನಿಗೆ ಪ್ರಾಣ ಇದು. ಬರಲಿಲ್ಲ. ತಟ್ಟೆ ಮುಚ್ಚಿ ಅವನ ಬಾಗಿಲ ಮುಂದಿಟ್ಟು ಬಂದೆ. ಆ ಚೌಕದಲ್ಲಿ ಎರಡು ವರ್ಷದ ಧೂಳು. ತಟ್ಟೆ ಇಟ್ಟ ಕಡೆ ಗುಂಡಗೆ ಗುರುತು ಬಿತ್ತು.

ಸೋಮವಾರ, 13 ಏಪ್ರಿಲ್. ಬೆಳಗ್ಗೆ 11

ಈಸ್ಟರ್ ಆಯಿತು. ನಿನ್ನೆ ಸರಾಂಡಿಸ್ ಊಟಕ್ಕೆ ಬಂದ. ಕೆಂಪು ಮೊಟ್ಟೆ ಒಂದಕ್ಕೊಂದು ಕುಟ್ಟಿದೆವು, ನನ್ನದು ಒಡೆಯದೆ ಗೆದ್ದಿತು. ಕುರಿಮರಿ ಬಡಿಸಿದೆ. ಫೋರ್ಕಿನಲ್ಲಿ ಆಡಿಸಿದ, ತಿನ್ನಲಿಲ್ಲ. ಅವನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಾನೂ ಯಾರಿಗೂ ಹೇಳಿಲ್ಲ. ಗಡುವು ಕೊಟ್ಟವಳು ನಾನೇ, ದಾಟಿಸಿದವಳೂ ನಾನೇ. ತಮ್ಮ ಅವನು, ಅಮ್ಮ ಹೋದ ಮೇಲೆ ಉಳಿದಿರುವವನು ಅವನೊಬ್ಬ, ಜೈಲಾದರೆ… ಇನ್ನೂರು ಪುಟ ಯಾಕೆ ಬೇಕು ವ್ರೆಟ್ಟೋಸರಿಗೆ ಅಂತ ಈಗ ಅರ್ಥವಾಗುತ್ತಿದೆ. ಆ ಪುಟಗಳಲ್ಲಿ ನಾನೇ ಕೂತಿದ್ದೇನೆ.

ಗುರುವಾರ, 16 ಏಪ್ರಿಲ್. ಬೆಳಗ್ಗೆ 10

ದ್ರಿತಾ ಬಾಗಿಲು ತಟ್ಟಿದಳು. ಈಸ್ಟರ್ ಸಿಹಿಬ್ರೆಡ್ಡು ತಂದಿದ್ದಳು, ಅವಳೇ ಮಾಡಿದ್ದು.

"ನನ್ ಮೇಲೆ ಸಿಟ್ಟಾ ಮೆರೋಪಿಯಮ್ಮ? ಒಂದು ತಿಂಗಳಾಯ್ತು, ಬಾಗಿಲೇ ತೆಗೀಲಿಲ್ಲ."

ಅಳು ಬಂತು. ನೆಗಡಿ ಅಂದೆ.

"ಮುಂದಿನ ಗುರುವಾರ ಬೇಗ ಬಂದು ತೊಳ್ದು ಹೋಗ್ತೀನಿ. ಎರಡು ವರ್ಷ ಆಗುತ್ತೆ ಅವತ್ತಿಗೆ. ಸ್ಮಶಾನಕ್ಕೆ ಹೋಗ್ಬೇಕು. ಮಗಳು ಬರಲ್ಲ ಅಂತಾಳೆ."

ಅವಳು ಇಳಿದು ಹೋದ ಮೇಲೆ ಕೆಳಗೆ ಹೋಗಿ ಸರಾಂಡಿಸನ ಬಾಗಿಲು ಬಡಿದೆ. ತೆಗೆಯಲಿಲ್ಲ. ಒಳಗಿದ್ದಾನೆ, ರೇಡಿಯೊ ಆರಿಸಿದ್ದು ಕೇಳಿಸಿತು. ಬಾಗಿಲಿಗೇ ಹೇಳಿದೆ:

"ಮುಂದಿನ ಗುರುವಾರ. ಮೆಟ್ಟಿಲ ಮೇಲೆ ನಿಂತ್ಕೊಂಡು ನಾನೇ ಹೇಳ್ತೀನಿ. ನೀನು ಒಳಗಿಂದ ಕೇಳಿಸ್ಕೋ."

ಗುರುವಾರ, 23 ಏಪ್ರಿಲ್ 2026. ಬೆಳಗ್ಗೆ 7

ಸಂತ ಯೋರ್ಗೋಸರ ಹಬ್ಬ. ಈ ವರ್ಷ ಸರಿಯಾದ ದಿನಕ್ಕೇ ಬಂದಿದೆ. ಚರ್ಚಿನ ಗಂಟೆ. ದೆಸೀಪ್ರಿಸ್ ಮನೆಯಲ್ಲಿ ಇವತ್ತು ಬಾಗಿಲು ತೆರೆದಿರುತ್ತದೆ. ಸೈಟಿಗೆ ನಿಜವಾದ ರಜೆ.

ಬಟ್ಟೆ ಹಾಕಿಕೊಂಡು ಕೂತಿದ್ದೇನೆ.  ಬಕೆಟ್ಟು ನಾಲ್ಕನೇ ಮಹಡಿಯಿಂದ ಇಳಿಯುತ್ತಿದೆ.

7.50

ಬರೆದುಬಿಡಬೇಕು, ಮರೆಯುವ ಮುಂಚೆ.

ಬಾಗಿಲು ತೆರೆದೆ. ಅವಳು ನನ್ನ ಮಹಡಿ ದಾಟಿ ಕೆಳಗಿಳಿದಿದ್ದಳು. "ದ್ರಿತಾ" ಅಂದೆ. ಬಕೆಟ್ಟಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಕೆಳಗೆ ಚಿಲಕ ತೆಗೆದ ಸದ್ದು. ಸರಾಂಡಿಸ್. ಮನೆ ಚಪ್ಪಲಿ, ಹೆಗಲ ಮೇಲೆ ಟವೆಲ್, ಕಂಕುಳಲ್ಲಿ ನೀಲಿ ನೋಟ್‌ಬುಕ್. ಸುಟ್ಟಿರಲಿಲ್ಲ.

ಅವಳು ಬಕೆಟ್ ಎತ್ತಿಕೊಂಡು ಅವನ ಚೌಕ ದಾಟಿಹೋಗಲು ನೋಡಿದಳು.

"ದ್ರಿತಾ. ಅವತ್ತು ರಜೆ ಇರಲಿಲ್ಲ."

ನಿಂತಳು.

"ಕೆಲಸ ಇತ್ತು. ನಾನೇ ಫೋನು ಮಾಡಿ ಕರ್ದೆ. ಬೆಲ್ಟು ಕೇಳ್ದ, ಇಲ್ಲ ಅಂದೆ. ಅವನು ಏನೂ ಕದ್ದಿಲ್ಲ. ಒಂದು ಮೊಳೆ ಕೂಡ ಕದ್ದೋನಲ್ಲ ಅವನು. ಕುರಿಮರಿ ಗಿರಿಮರಿ ಎಲ್ಲ ಸುಳ್ಳು. ಸಹಿ ನಂದೇ."

ಮೇಲಿಂದ ನನಗೆ ಅವಳ ತಲೆಯ ಸ್ಕಾರ್ಫ್ ಮಾತ್ರ ಕಾಣುತ್ತಿತ್ತು. ಕಿರುಚುತ್ತಾಳೆ ಅಂದುಕೊಂಡೆ. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿ ಅಂತಲೂ ಅನಿಸಿತು.  ಅವಳು ಬಕೆಟ್ ಕೆಳಗಿಟ್ಟಳು. ಏಪ್ರನ್ ಬಿಚ್ಚಿ ಅದರ ಮೇಲೆ ಹಾಕಿದಳು. ಅವನ ಕಾಲು ನೋಡಿದಳು.

"ಬೂಟು ಹಾಕ್ಕೊಳ್ಳಿ," ಅಂದಳು. "ವಕೀಲರು ಎಂಟೂವರೆಗೆ ಆಫೀಸಿಗೆ ಬರ್ತಾರೆ. ಅಲ್ಲಿಗಿಂತ ಮುಂಚೆ ನಮ್ಮನೆ. ಇದನ್ನೇ ನನ್ ಮಗಳ ಎದುರು ಹೇಳಿ."

ಅವನು ಒಳಗೆ ಹೋಗಿ ಬೂಟು ಹಾಕಿಕೊಂಡು ಬಂದ. ಲೇಸು ಕಟ್ಟದೆ ಹಾಗೇ ಬಿಟ್ಟ. ಇಬ್ಬರೂ ಇಳಿದು ಹೋದರು. ಅವಳು ಮುಂದೆ, ಅವನು ಹಿಂದೆ, ಕಂಕುಳಲ್ಲಿ ನೋಟ್‌ಬುಕ್. ಅವನು ಒಂದು ಸಲವೂ ನನ್ನ ಕಡೆ ನೋಡಲಿಲ್ಲ.

11.15

ಬಕೆಟ್ಟು ಅಲ್ಲೇ ಇತ್ತು. ನೀರು ತಣ್ಣಗಾಗಿತ್ತು. ಬಿಸಿನೀರು ಹಾಕಿ, ಅವಳು ಬಿಟ್ಟ ಕಡೆಯಿಂದ ನಾನು ಶುರು ಮಾಡಿದೆ. ಮೊದಲನೇ ಮಹಡಿ, ಕೆಳಗಿನ ಬಾಗಿಲು. ಸೊಂಟ ಹಿಡಿದುಕೊಂಡಿದೆ. ತಮ್ಮನ ಚೌಕ ತೊಳೆಯಲಿಲ್ಲ. ಅದು ನನ್ನ ಕೆಲಸವಲ್ಲ.

ವ್ರೆಟ್ಟೋಸ್ ಫೋನು ಮಾಡಿದ್ದರು. ಹೇಳಿದೆ. "ಪುಸ್ತಕ ಅಚ್ಚಿಗೆ ಹೋಗ್ತಿದೆ, ನಿಲ್ಲಿಸ್ಲಾ? ಕೊನೆ ಬೇರೆ ಬರೀಲಾ?" ಅಂದರು. ಬೇಡ ಮೇಷ್ಟ್ರೇ, ಇದ್ದ ಹಾಗೇ ಇರಲಿ ಅಂದೆ. ಇನ್ನೂರು ಪುಟ ಬೇಕೇ ಬೇಕು, ಒಂದು ಪುಟವೂ ಹೆಚ್ಚಲ್ಲ ಅದು.

ನನ್ನ ನೋಟ್‌ಬುಕ್ ಇನ್ನು ಫೈಲಿನಲ್ಲಿ ಇರುತ್ತದೆ. ಯಾರ್ಯಾರೋ ಓದುತ್ತಾರೆ. ಪಾಲಕ್ ಕಡುಬಿನ ಕಾಗುಣಿತ ಸರಿ ಇತ್ತೋ ಇಲ್ಲವೋ.

ಕೆಳಗೆ ಗೇಟಿನ ಸದ್ದು. ಮೆಟ್ಟಿಲ ಮೇಲೆ ಹೆಜ್ಜೆ. ಇಬ್ಬರದಲ್ಲ. ಮೂವರದು. ಒಂದು ಹೆಜ್ಜೆ ಹಗುರ, ಹುಡುಗಿಯದು. ಎರಡನೇ ಮಹಡಿಯಲ್ಲಿ, ತಮ್ಮನ ಬಾಗಿಲ ಮುಂದೆ ನಿಂತರು. ಹುಡುಗಿ ಏನೋ ಕೇಳುತ್ತಿದ್ದಾಳೆ, ಸರಾಂಡಿಸ್ ಒಂದೊಂದಕ್ಕೂ ಉತ್ತರ ಹೇಳುತ್ತಿದ್ದಾನೆ.